ಬೀಪ್ ಅನ್ನದ ಪೆಟ್ಟಿಗೆಯ ಕಥೆ

ಮೊನ್ನೆ ಶನಿವಾರ ರಾತ್ರಿ ಹತ್ತೂವರೆಗೆ ತಂಗಿಯ ಮಗನ ಫೋನು. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ವರ್ಷವಿಡೀ ದುಡ್ಡು ಕೂಡಿಹಾಕಿ, ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿಕೊಂಡು, ಅವತ್ತು ಮಧ್ಯಾಹ್ನ ಊಟ ಮಾಡಿ ಕೂತವನು ಸಂಜೆಯ ಹೊತ್ತಿಗೆ ತಾನೇ ಒಂದು ಕಂಪ್ಯೂಟರ್ ಜೋಡಿಸಿ ಮುಗಿಸಿದ್ದ.

"ಮಾವಾ, ಆನೇ ಆಗ್ತಿಲ್ಲ. ಫ್ಯಾನ್ ತಿರುಗ್ತಿದೆ, ಲೈಟೆಲ್ಲ ಹತ್ತಿದೆ, ಮಾನಿಟರ್ ಮಾತ್ರ ಕಪ್ಪು. ಮೂರು ಸಲ ಆಫ್ ಮಾಡಿ ಆನ್ ಮಾಡ್ದೆ. ಅಮ್ಮಂಗೆ ಇನ್ನೂ ಹೇಳಿಲ್ಲ."

ನಾನು ಕೇಳಿದ ಮೊದಲ ಪ್ರಶ್ನೆ, "ಬೀಪ್ ಅಂತಾ?"

"ಎಂಥಾ ಬೀಪು?"

ನನಗೆ ವಯಸ್ಸಾಯಿತು ಅಂತ ಅನ್ನಿಸಿದ್ದು ಆವಾಗಲೇ :-) ಅವನ ಕಂಪ್ಯೂಟರ್ ಏನಾಯಿತು ಅಂತ ಕೊನೆಯಲ್ಲಿ ಹೇಳುತ್ತೇನೆ. ಆದರೆ "ಎಂಥಾ ಬೀಪು" ಅನ್ನುವ ಪ್ರಶ್ನೆಗೆ ಫೋನಿನಲ್ಲಿ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಅದಕ್ಕೊಂದು ಉದ್ದನೆಯ ಕಥೆಯಿದೆ. ಅದನ್ನು ಇಲ್ಲಿ ಬರೆದು ಅವನಿಗೂ ಕಳಿಸುತ್ತಿದ್ದೇನೆ.

ಮೊದಲು ನನ್ನ ಪಾಡು. 2002ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಒಂದು ಅಸೆಂಬಲ್ಡ್ ಕಂಪ್ಯೂಟರ್ ಕೊಂಡೆ. ಸೆಲೆರಾನ್ ಪ್ರೊಸೆಸರ್, 128 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, 15 ಇಂಚಿನ ದಪ್ಪ ಮಾನಿಟರ್. ಅಂಗಡಿಯವರು ಎದುರಿಗೇ ಜೋಡಿಸಿ ಕೊಟ್ಟರು. ರಾತ್ರಿ ಬಸ್ಸಿನಲ್ಲಿ ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಸಾಗರಕ್ಕೆ ತಂದೆ. ಅಪ್ಪನಿಗೋಸ್ಕರ ತಂದದ್ದು.

ಅಪ್ಪ ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿಯ ನೀರಿನಡಿಗೆ ಹೋದ ಊರುಗಳಿದ್ದವಲ್ಲ, ಅಲ್ಲಿಂದ ಎದ್ದು ಬಂದ ಜನರನ್ನು ಹುಡುಕಿಕೊಂಡು ಹೋಗಿ, ಯಾರ ಮನೆ ಎಲ್ಲಿತ್ತು, ದೇವಸ್ಥಾನ ಎಲ್ಲಿತ್ತು, ಸಂತೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು ಅಂತೆಲ್ಲ ಬರೆದಿಟ್ಟಿದ್ದರು. ಅದನ್ನು 'ಬರಹ' ತಂತ್ರಾಂಶದಲ್ಲಿ ಎರಡೇ ಬೆರಳಿನಲ್ಲಿ ಕುಟ್ಟುತ್ತಾ ಹೋದರು. ಎರಡು ವರ್ಷಕ್ಕೆ 140 ಪುಟ ಆಯಿತು. ಅಷ್ಟರಲ್ಲಿ ಅಟ್ಟದ ಮೇಲಿದ್ದ ಕೈಬರಹದ ಹಾಳೆಗಳಿಗೆ ಗೆದ್ದಲು ಹಿಡಿದಿತ್ತು. ಪ್ರತಿ ಇರಲಿಲ್ಲ. ಫ್ಲಾಪಿಗೆ ಹಾಕಬೇಕು ಅಂತ ನಾನು ಪ್ರತಿಸಲ ಊರಿಗೆ ಹೋದಾಗಲೂ ಅಂದುಕೊಳ್ಳುತ್ತಿದ್ದೆ, ಅಷ್ಟೇ.

2004ರ ಜುಲೈ. ಪುನರ್ವಸು ಮಳೆ ಹಿಡಿದು ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಇತ್ತು. ಥೇಟ್ ಮೊನ್ನೆಯ ಹಾಗೆ. ಅಂಗಡಿಗೆ ಫೋನ್ ಮಾಡಿದೆ. "ಬೋರ್ಡ್ ಹೋಗಿರುತ್ತೆ ಸಾರ್, ತಗೊಂಡ್ ಬನ್ನಿ. ಹಾರ್ಡ್ ಡಿಸ್ಕೂ ಫಾರ್ಮ್ಯಾಟ್ ಮಾಡ್ಬೇಕಾಗ್ಬಹುದು" ಅಂದರು. ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಒಳಗಿನದು ಸಿಗುತ್ತದೆ ಅಂತ ಈಗ ಸಣ್ಣ ಹುಡುಗರಿಗೂ ಗೊತ್ತು. ನನಗೆ ಅವತ್ತು ಗೊತ್ತಿರಲಿಲ್ಲ. ಫಾರ್ಮ್ಯಾಟ್ ಅನ್ನುವ ಮಾತು ಕೇಳಿ ಅಪ್ಪನ ಮುಖ ನೋಡಲು ಧೈರ್ಯ ಆಗಲಿಲ್ಲ.

ಇಲ್ಲಿಗೆ ನನ್ನ ಕಥೆ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಹೋಗೋಣ.

*

ಮನೆಯಲ್ಲೇ ಜೋಡಿಸುವ ಕಂಪ್ಯೂಟರಿನ ಕಥೆಯನ್ನು ಎಲ್ಲರೂ ಶುರುಮಾಡುವುದು ಆಲ್ಟೇರ್ 8800ರಿಂದ. 1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಎಂಬ ಅಮೆರಿಕದ ಪತ್ರಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು. ಮಾಡಿದ್ದು ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿದ್ದ ಎಂಐಟಿಎಸ್ ಎಂಬ ಸಣ್ಣ ಕಂಪನಿ. ಅದರ ಯಜಮಾನ ಎಡ್ ರಾಬರ್ಟ್ಸ್. ಸುಮಾರು 400 ಡಾಲರ್ ಕೊಟ್ಟರೆ ಬಿಡಿಭಾಗಗಳ ಪೊಟ್ಟಣ ಬರುತ್ತಿತ್ತು. ಬೆಸುಗೆ ಹಾಕಿ ಜೋಡಿಸಿಕೊಳ್ಳುವುದು ನಿಮ್ಮ ಪಾಲಿನ ಕೆಲಸ.

ತಮಾಷೆ ಏನು ಗೊತ್ತಾ? ಪತ್ರಿಕೆಗೆ ಅಂತ ಕಳಿಸಿದ ಮೊದಲ ಯಂತ್ರ ದಾರಿಯಲ್ಲೇ ಕಳೆದುಹೋಯಿತು. ಮುಖಪುಟದಲ್ಲಿ ಇದ್ದದ್ದು ಬರೀ ಖಾಲಿ ಡಬ್ಬ, ಮುಂದೆ ದೀಪ ಮತ್ತು ಸ್ವಿಚ್ಚು. ಅಂದರೆ ಜನ ಮರುಳಾಗಿ ದುಡ್ಡು ಕಳಿಸಿದ್ದು ಯಾವತ್ತೂ ಶುರುವಾಗದ ಒಂದು ಕಂಪ್ಯೂಟರಿನ ಚಿತ್ರ ನೋಡಿ!

ನಿಜವಾದ ಆಲ್ಟೇರ್ ಕೂಡ ಸ್ವಿಚ್ ಹಾಕಿದ ಕೂಡಲೇ ಏನೂ ಮಾಡುತ್ತಿರಲಿಲ್ಲ. ಅದರ ನೆನಪು ಬರೀ 256 ಬೈಟ್. ವಿದ್ಯುತ್ ಹೋದರೂ ಉಳಿಯುವ ಸೂಚನೆ ಒಳಗೆ ಒಂದೂ ಇಲ್ಲ. ಮೊದಲ ಕೆಲವು ಸೂಚನೆಗಳನ್ನು ಮುಂದಿನ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತಾ ನಾವೇ ತುಂಬಬೇಕು. ಒಂದು ಸ್ವಿಚ್ ತಪ್ಪಿದರೆ ಮತ್ತೆ ಮೊದಲಿಂದ. ಈ ಮೊದಲ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಸ್ಟ್ರ್ಯಾಪ್ ಅಂತ ಹೆಸರು. ತನ್ನ ಬೂಟಿನ ಪಟ್ಟಿ ಹಿಡಿದೆಳೆದು ತನ್ನನ್ನೇ ಮೇಲೆತ್ತಿಕೊಳ್ಳುವುದು ಅಂತ ಅರ್ಥ. ನಮ್ಮಲ್ಲಾದರೆ ತನ್ನ ಹೆಗಲ ಮೇಲೆ ತಾನೇ ಹತ್ತುವುದು ಅನ್ನಬಹುದೇನೋ. ಕಂಪ್ಯೂಟರ್ "ಬೂಟ್ ಆಗುವುದು" ಅಂತ ನಾವು ದಿನಾ ಹೇಳುವ ಮಾತು ಬಂದದ್ದು ಇದರಿಂದಲೇ.

ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರಿಗೆ ಬೇಸಿಕ್ ಭಾಷೆ ಬರೆದ ಕಥೆ ನೀವು ಕೇಳಿರುತ್ತೀರಿ. ಅದನ್ನು ತೋರಿಸಲು ಅಲೆನ್ ವಿಮಾನದಲ್ಲಿ ಆಲ್ಬುಕರ್ಕಿಗೆ ಹೊರಟರು. ಇಳಿಯುವ ಹೊತ್ತು ಹತ್ತಿರ ಬಂದಾಗ ನೆನಪಾಯಿತು, ಇಬ್ಬರೂ ಸೇರಿ ಅಷ್ಟೆಲ್ಲ ಬರೆದಿದ್ದಾರೆ, ಅದನ್ನು ಯಂತ್ರದೊಳಗೆ ತುಂಬುವ ಬೂಟ್‌ಸ್ಟ್ರ್ಯಾಪನ್ನೇ ಬರೆದಿಲ್ಲ! ಸೀಟಿನಲ್ಲಿ ಕೂತೇ ಕಾಗದದ ಮೇಲೆ ಬರೆದು ಮುಗಿಸಿದರು. ಅದು ಕೆಲಸ ಮಾಡಿತು. ಮಾಡದೇ ಹೋಗಿದ್ದರೆ ಮೈಕ್ರೋಸಾಫ್ಟಿನ ಕಥೆ ಹೇಗಿರುತ್ತಿತ್ತೋ.

ಇಂಥ ಯಂತ್ರ ಕೆಟ್ಟರೆ ಯಾರನ್ನು ಕೇಳುವುದು? 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬವರ ಕಾರ್ ಶೆಡ್ಡಿನಲ್ಲಿ ಒಂದಷ್ಟು ಜನ ಸೇರಿದರು. ಅದೇ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್. ಒಬ್ಬರ ನಕ್ಷೆ ಇನ್ನೊಬ್ಬರು ನೋಡುವುದು, ಒಬ್ಬರ ತಪ್ಪು ಇನ್ನೊಬ್ಬರು ಹುಡುಕಿ ಕೊಡುವುದು. ಅಲ್ಲೇ ಸ್ಟೀವ್ ಡಾಂಪಿಯರ್ ಎಂಬವರು ಆಲ್ಟೇರಿನ ಪಕ್ಕ ಒಂದು ಸಣ್ಣ ರೇಡಿಯೋ ಇಟ್ಟು ಪ್ರೋಗ್ರಾಮ್ ಓಡಿಸಿದರು. ಯಂತ್ರದಲ್ಲಿ ಸ್ಪೀಕರ್ ಇರಲಿಲ್ಲ. ಆದರೆ ಅದರಿಂದ ಹೊಮ್ಮುವ ವಿದ್ಯುತ್ ಗದ್ದಲವನ್ನೇ ರೇಡಿಯೋ ಹಿಡಿದು, ಬೀಟಲ್ಸ್ ತಂಡದ ಒಂದು ಹಾಡಿನ ಧಾಟಿ ಕೇಳಿಸಿತು. ಕಂಪ್ಯೂಟರಿನ ಒಳಗೆ ನಡೆಯುವುದನ್ನು ಕಿವಿಯಿಂದ ಕೇಳಬಹುದು ಅಂತ ಆ ಸಭೆಯವರು ಕಣ್ಣಾರೆ ಕಂಡರು.

ಅದೇ ಕ್ಲಬ್ಬಿನ ಸ್ಟೀವ್ ವಾಜ್ನಿಯಾಕ್ 1976ರಲ್ಲಿ ಮಾಡಿದ ಆಪಲ್-1ರಲ್ಲಿ ಸ್ವಿಚ್ಚುಗಳ ಸಾಲು ಇರಲಿಲ್ಲ. ಶುರುವಿನ ಪ್ರೋಗ್ರಾಮ್ 256 ಬೈಟಿನಷ್ಟು ಒಳಗೇ ಕೂತಿತ್ತು. ಕೀಬೋರ್ಡಿನಿಂದಲೇ ಮಾತಾಡಿಸಬಹುದಿತ್ತು. ಆದರೆ ಅದೂ ತನಗೇನಾಗಿದೆ ಅಂತ ಹೇಳುತ್ತಿರಲಿಲ್ಲ.

*

ಬೀಪ್ ನಮಗೆಲ್ಲ ಪರಿಚಯ ಆದದ್ದು ಐಬಿಎಂ ಪಿಸಿಯಿಂದ. 1981ರ ಆಗಸ್ಟ್ 12ರಂದು ಬಂದ ಯಂತ್ರ ಅದು. ಸ್ವಿಚ್ ಹಾಕಿದ ಕೂಡಲೇ ಅದರ 8088 ಪ್ರೊಸೆಸರ್ ಬಯಾಸ್ ಎಂಬ ಚಿಪ್ಪಿನಲ್ಲಿ ಬರೆದಿಟ್ಟ ಸೂಚನೆಗಳನ್ನು ಓದುತ್ತಿತ್ತು. ಆ ಸೂಚನೆಗಳ ಮೊದಲ ಕೆಲಸ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುವುದು. ಪ್ರೊಸೆಸರ್ ಸರಿಯಿದೆಯಾ, ಮೆಮೊರಿ ಸರಿಯಿದೆಯಾ, ಕೀಬೋರ್ಡ್ ಇದೆಯಾ... ಇದಕ್ಕೆ 'ಪೋಸ್ಟ್' ಅಂತ ಹೆಸರು. ತಪ್ಪು ಸಿಕ್ಕಿದರೆ ಪರದೆಯ ಮೇಲೆ ಅಂಕಿ ಮೂಡುತ್ತಿತ್ತು. 201 ಅಂದರೆ ಮೆಮೊರಿ, 301 ಅಂದರೆ ಕೀಬೋರ್ಡ್, 601 ಅಂದರೆ ಫ್ಲಾಪಿ.

ಆದರೆ ಪರದೆಗೆ ಚಿತ್ರ ಕಳಿಸುವ ಕಾರ್ಡೇ ಕೆಟ್ಟಿದ್ದರೆ? ಪರದೆ ಏಳುವ ಮೊದಲೇ ಏನಾದರೂ ಆದರೆ? ಅದಕ್ಕೇ ಸ್ಪೀಕರ್. ಒಂದು ಚುಟುಕು ಬೀಪ್ ಅಂದರೆ ಎಲ್ಲ ಕ್ಷೇಮ. ಒಂದು ಉದ್ದ, ಎರಡು ಚುಟುಕು ಅಂದರೆ ಪರದೆಯ ಕಾರ್ಡಿನ ತೊಂದರೆ.

ಇನ್ನೊಂದು ಮುಖ್ಯ ಸಂಗತಿ. ಐಬಿಎಂ ತನ್ನ ಪಿಸಿಯ ತಾಂತ್ರಿಕ ಪುಸ್ತಕದಲ್ಲಿ ವಿದ್ಯುತ್ ನಕ್ಷೆಗಳನ್ನೂ, ಬಯಾಸಿನ ಪೂರ್ತಿ ಪ್ರೋಗ್ರಾಮನ್ನೂ ಅಚ್ಚು ಹಾಕಿತ್ತು. ಯಾರು ಬೇಕಾದರೂ ಕೊಂಡು ಓದಬಹುದಿತ್ತು. ನಕಲು ಮಾತ್ರ ಮಾಡುವ ಹಾಗಿಲ್ಲ. 1982ರಲ್ಲಿ ಶುರುವಾದ ಕಾಂಪ್ಯಾಕ್ ಕಂಪನಿ ಇದಕ್ಕೊಂದು ಉಪಾಯ ಮಾಡಿತು. ಒಂದು ಗುಂಪು ಓದಿ, ಬಯಾಸ್ ಏನೇನು ಮಾಡುತ್ತದೆ ಅಂತ ಪಟ್ಟಿ ಮಾಡುವುದು. ಮೂಲವನ್ನು ಕಣ್ಣಿಂದಲೂ ನೋಡದ ಇನ್ನೊಂದು ಗುಂಪು ಆ ಪಟ್ಟಿ ಇಟ್ಟುಕೊಂಡು ಹೊಸದಾಗಿ ಬರೆಯುವುದು. 1984ರಲ್ಲಿ ಫೀನಿಕ್ಸ್ ಕಂಪನಿ ಹೀಗೆ ಬರೆದ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಆಮೇಲೆ ಅವಾರ್ಡ್, ಆಮೇಲೆ 1985ರಲ್ಲಿ ಭಾರತ ಮೂಲದ ಸುಬ್ರಮೋನಿಯನ್ ಶಂಕರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಕಟ್ಟಿದ ಎಎಂಐ. ಬಯಾಸ್ ಬಿಡಿಯಾಗಿ ಸಿಕ್ಕಿದ್ದರಿಂದಲೇ ಯಾರು ಬೇಕಾದರೂ ಮದರ್‌ಬೋರ್ಡ್ ಮಾಡುವಂತಾಯಿತು. ಮದರ್‌ಬೋರ್ಡ್ ಬಿಡಿಯಾಗಿ ಸಿಕ್ಕಿದ್ದರಿಂದಲೇ ಎಸ್.ಪಿ. ರೋಡಿನಲ್ಲಿ ನನ್ನ ಕಣ್ಣೆದುರು ಕಂಪ್ಯೂಟರ್ ಜೋಡಿಸುವುದು ಸಾಧ್ಯವಾಯಿತು.

ಒಂದೇ ಕಷ್ಟ, ಒಬ್ಬೊಬ್ಬರದು ಒಂದೊಂದು ಭಾಷೆ. ಎಎಂಐನಲ್ಲಿ ಮೂರು ಬೀಪ್ ಅಂದರೆ ಮೊದಲ 64 ಕೆಬಿ ಮೆಮೊರಿಯ ದೋಷ, ಎಂಟು ಅಂದರೆ ಪರದೆಯ ಮೆಮೊರಿ. ಅವಾರ್ಡಿನಲ್ಲಿ ಉದ್ದುದ್ದ ಬೀಪ್ ನಿಲ್ಲದೇ ಬರುತ್ತಿದ್ದರೆ ರ‍್ಯಾಮ್ ನೋಡಬೇಕು. ಫೀನಿಕ್ಸಿನದು ಒಂದು, ತಡೆದು ಒಂದು, ತಡೆದು ಮೂರು ಅನ್ನುವ ಥರದ ಲೆಕ್ಕ. ಕುಂದಾಪುರದ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವಷ್ಟು ವ್ಯತ್ಯಾಸ. ಯಾವ ಊರಿನವರು ಅಂತ ತಿಳಿಯದೆ ಮಾತು ತಿಳಿಯುವುದಿಲ್ಲ.

1999ರ ಏಪ್ರಿಲ್ 26 ಕೆಲವರಿಗೆ ನೆನಪಿರಬಹುದು. ತೈವಾನಿನ ಚೆನ್ ಇಂಗ್-ಹೌ ಎಂಬ ವಿದ್ಯಾರ್ಥಿ ಬರೆದ ಸಿಐಎಚ್ ವೈರಸ್ ಅವತ್ತು ಎದ್ದು ಕೂತಿತು. 1986ರಲ್ಲಿ ಚೆರ್ನೋಬಿಲ್ ದುರಂತ ನಡೆದ ದಿನಾಂಕವೂ ಅದೇ ಆದ್ದರಿಂದ ಚೆರ್ನೋಬಿಲ್ ವೈರಸ್ ಅಂತಲೇ ಕರೆದರು. ಅದು ಹಾರ್ಡ್ ಡಿಸ್ಕಿನ ಶುರುವಿನ ಭಾಗವನ್ನು ಅಳಿಸುವುದರ ಜೊತೆಗೆ, ಕೆಲವು ಬೋರ್ಡುಗಳಲ್ಲಿ ಬಯಾಸ್ ಚಿಪ್ಪಿನ ಮೇಲೇ ಕಸ ಬರೆಯುತ್ತಿತ್ತು. ಹಾಗಾದ ಕಂಪ್ಯೂಟರ್ ಬೀಪ್ ಕೂಡ ಅನ್ನುವುದಿಲ್ಲ. ಹೊಸ ಬಯಾಸ್ ಚಿಪ್ ಹಾಕಬೇಕು, ಇಲ್ಲವೇ ಬೋರ್ಡನ್ನೇ ಬದಲಿಸಬೇಕು.

*

ಮತ್ತೆ ಸಾಗರಕ್ಕೆ ಬರುತ್ತೇನೆ.

ಮದರ್‌ಬೋರ್ಡಿನ ಜೊತೆ ಬಂದಿದ್ದ ಪುಸ್ತಕದ ಕೊನೆಯಲ್ಲಿ ಬೀಪುಗಳ ಅರ್ಥದ ಅರ್ಧ ಪುಟ ಇತ್ತು. ಆದರೆ ನಮ್ಮದು ಬೀಪೇ ಅನ್ನುತ್ತಿರಲಿಲ್ಲ. ಕ್ಯಾಬಿನೆಟ್ ಬಿಚ್ಚಿ, ಪುಸ್ತಕದ ಚಿತ್ರ ಇಟ್ಟುಕೊಂಡು ನೋಡಿದೆ. ಬೋರ್ಡಿನ ಮೂಲೆಯಲ್ಲಿ ಸ್ಪೀಕರ್ ಅಂತ ಬರೆದ ನಾಲ್ಕು ಕಡ್ಡಿ ಇದ್ದವು. ಅದಕ್ಕೆ ಏನೂ ಸಿಕ್ಕಿಸಿರಲಿಲ್ಲ. ಸ್ಪೀಕರನ್ನೇ ಹಾಕದೆ ಕೊಟ್ಟಿದ್ದರು! ಎರಡು ವರ್ಷ ನಮಗೆ ಗೊತ್ತೇ ಆಗಿರಲಿಲ್ಲ.

ಪೇಟೆಯ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಯಜಮಾನರು ಅಪ್ಪನ ವಯಸ್ಸಿನವರು. ವಿಷಯ ಹೇಳಿದೆ. "ಕಂಪ್ಯೂಟರ್ ನಂಗೆ ಗೊತ್ತಿಲ್ಲ ತಮ್ಮಾ. ಆದ್ರೆ ಸ್ಪೀಕರ್ ಅಂದ್ರೆ ಸ್ಪೀಕರೇ ಅಲ್ದಾ" ಅಂದು, ಕೆಟ್ಟುಹೋದ ಒಂದು ಪುಟ್ಟ ಟ್ರಾನ್ಸಿಸ್ಟರಿನ ಸ್ಪೀಕರಿಗೆ ಎರಡು ವೈರ್ ಬೆಸೆದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಎರಡು ವೈರುಗಳನ್ನು ತುದಿಯ ಎರಡು ಕಡ್ಡಿಗಳಿಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಊಊಪ್... ಊಊಪ್... ಊಊಪ್... ಉದ್ದುದ್ದ, ನಿಲ್ಲದೇ. ನಮ್ಮದು ಅವಾರ್ಡ್ ಬಯಾಸ್. ಪುಸ್ತಕದಲ್ಲಿ ನೋಡಿದರೆ, ಮೆಮೊರಿ! ಬೋರ್ಡ್ ಹೋಗಿರಲಿಲ್ಲ. ಮಲೆನಾಡಿನ ಮಳೆಗಾಲದ ಥಂಡಿಗೆ ರ‍್ಯಾಮಿನ ಹೊಂಬಣ್ಣದ ಹಲ್ಲುಗಳು ಮಂಕಾಗಿದ್ದವು. ರ‍್ಯಾಮ್ ಕಿತ್ತು, ಆ ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಕಟಕ್ ಅನ್ನುವ ತನಕ ಒತ್ತಿ ಕೂರಿಸಿದೆ.

ಸ್ವಿಚ್ ಒತ್ತಿದೆ. ಒಂದೇ ಒಂದು ಚುಟುಕು ಬೀಪ್.

ಬಾಗಿಲ ಬಳಿ ನಿಂತಿದ್ದ ಅಪ್ಪ ಏನೂ ಹೇಳದೆ ಒಳಗೆ ಹೋಗಿ, "ಇವಳೇ, ಮಾಣಿಗೆ ಕಾಫಿ ಕೊಡು" ಅಂದದ್ದು ಕೇಳಿಸಿತು. ನಾನು ಅವತ್ತೇ 140 ಪುಟವನ್ನೂ ಎರಡು ಫ್ಲಾಪಿಗೆ ಹಾಕಿದೆ.

ಮರುವರ್ಷ ಮತ್ತೆ ಕೆಟ್ಟಿತು. ಈ ಸಲ ಬೀಪ್ ಬರುತ್ತಿತ್ತು, ನಿಲ್ಲುತ್ತಿತ್ತು, ಒಂದು ದಿನ ಶುರುವಾದರೆ ಇನ್ನೊಂದು ದಿನ ಇಲ್ಲ. ಮೋಡೆಮ್ ಕಾರ್ಡ್, ಸೌಂಡ್ ಕಾರ್ಡ್, ಸಿಡಿ ಡ್ರೈವ್ ಎಲ್ಲ ಕಿತ್ತು, ಒಂದೊಂದಾಗಿ ಮರಳಿ ಹಾಕಿ ನೋಡಿದೆ. ಪ್ರಯೋಜನ ಆಗಲಿಲ್ಲ. ಬೋರ್ಡನ್ನೇ ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಂಡು ಅದೇ ರೇಡಿಯೋ ಅಂಗಡಿಗೆ ಹೋದೆ. ಅವರು ಕನ್ನಡಕ ಏರಿಸಿ ಒಂದು ನಿಮಿಷ ನೋಡಿ, ಪ್ರೊಸೆಸರಿನ ಪಕ್ಕದಲ್ಲಿ ಸಣ್ಣ ಡ್ರಮ್ಮುಗಳ ಹಾಗೆ ನಿಂತಿದ್ದ ಕೆಪಾಸಿಟರುಗಳ ಮೇಲೆ ಬೆರಳಿಟ್ಟರು. ನಾಲ್ಕರ ತಲೆ ಪೂರಿಯ ಹಾಗೆ ಉಬ್ಬಿತ್ತು. ಒಂದರ ತಲೆಯಿಂದ ಕಂದು ಅಂಟು ಹೊರಬಂದಿತ್ತು. "ರೇಡಿಯೋದಲ್ಲೂ ಮೊದ್ಲು ಸಾಯೋದು ಇವೇಯ. ಆದ್ರೆ ಮೂರು ವರ್ಷಕ್ಕೆಲ್ಲ ಸಾಯೂದಲ್ಲ" ಅಂದರು.

ಅವರು ಹೇಳಿದ್ದು ಸರಿಯಾಗೇ ಇತ್ತು. ಆ ವರ್ಷಗಳಲ್ಲಿ ಜಗತ್ತಿನಲ್ಲೆಲ್ಲ ಇದೇ ರೋಗ. ಅದಕ್ಕೆ 'ಕೆಪಾಸಿಟರ್ ಪ್ಲೇಗ್' ಅಂತಲೇ ಹೆಸರಾಯಿತು. ಈ ಕೆಪಾಸಿಟರ್ ಒಳಗೆ ಅಲ್ಯುಮಿನಿಯಮ್ ಹಾಳೆಯ ಸುರುಳಿ, ನಡುವೆ ಒಂದು ದ್ರವದಲ್ಲಿ ನೆನೆಸಿದ ಕಾಗದ. ದ್ರವದಲ್ಲಿ ನೀರಿನಂಶ ಹೆಚ್ಚಿದ್ದರೆ ಅಗ್ಗ, ಕೆಲಸವೂ ಚೆನ್ನ. ಆದರೆ ನೀರು ಅಲ್ಯುಮಿನಿಯಮ್ಮನ್ನು ತಿನ್ನದ ಹಾಗೆ ಅದಕ್ಕೆ ಕೆಲವು ರಾಸಾಯನಿಕ ಸೇರಿಸಲೇಬೇಕು. ಅದಿಲ್ಲದಿದ್ದರೆ ಒಳಗೆ ಹೈಡ್ರೋಜನ್ ಅನಿಲ ತುಂಬಿ ತಲೆ ಉಬ್ಬುತ್ತದೆ. ಒಬ್ಬ ವಿಜ್ಞಾನಿ ಜಪಾನಿನ ಕಂಪನಿ ಬಿಟ್ಟು ಚೀನಾಕ್ಕೆ ಹೋದರು, ಅಲ್ಲಿಂದ ಸೂತ್ರ ಅರ್ಧಂಬರ್ಧ ಕದ್ದು ತೈವಾನಿಗೆ ಹೋಯಿತು, ಮುಖ್ಯವಾದ ರಾಸಾಯನಿಕವೇ ಬಿಟ್ಟುಹೋಗಿತ್ತು ಅಂತ 2002-03ರ ಪತ್ರಿಕೆಗಳು ಬರೆದವು. ಕಳ್ಳತನದ ಕಥೆ ಸಾಬೀತಾದದ್ದಲ್ಲ. ಉಬ್ಬಿದ ತಲೆಗಳು ಮಾತ್ರ ಎಲ್ಲರ ಕಣ್ಣೆದುರಿಗಿದ್ದವು. ಡೆಲ್ ಕಂಪನಿ 2005ರಲ್ಲಿ ಇಂಥ ಬೋರ್ಡುಗಳನ್ನು ಬದಲಿಸಿಕೊಡಲು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ನಮ್ಮದಕ್ಕೆ ತಗುಲಿದ ಖರ್ಚು 60 ರೂಪಾಯಿ. ನಾಲ್ಕೂ ಬದಲಿಸಿ ಕೊಟ್ಟರು. ಕಂಪ್ಯೂಟರ್ ಇನ್ನೂ ಎರಡು ವರ್ಷ ಓಡಿತು. ಅಪ್ಪನ ಬರಹ 190 ಪುಟಕ್ಕೆ ಮುಗಿಯಿತು.

*

ಈಗ ಬರುವ ಎಷ್ಟೋ ಕ್ಯಾಬಿನೆಟ್ಟುಗಳ ಜೊತೆ ಸ್ಪೀಕರ್ ಇರುವುದೇ ಇಲ್ಲ. ಅದರ ಬದಲು ಮದರ್‌ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪ ಇಡುವುದುಂಟು. ಪ್ರೊಸೆಸರಿಗೆ ಒಂದು, ಮೆಮೊರಿಗೆ ಒಂದು, ಪರದೆಗೆ ಒಂದು, ಡಿಸ್ಕಿಗೆ ಒಂದು. ಯಾವುದು ಹತ್ತಿ ನಿಂತಿದೆಯೋ ಅಲ್ಲಿ ತಡೆ. ದೀಪಗಳಿಂದ ಶುರುವಾಗಿ ಐವತ್ತು ವರ್ಷ ಸುತ್ತಿ ಮತ್ತೆ ದೀಪಕ್ಕೇ ಬಂದೆವು. ಬಣ್ಣಬಣ್ಣದ ಅಲಂಕಾರದ ಲೈಟುಗಳ ನಡುವೆ ಈ ನಾಲ್ಕನ್ನು ಹುಡುಕುವುದೇ ಕಷ್ಟ ಅನ್ನುವುದು ಬೇರೆ ಮಾತು :-)

ಅಳಿಯನಿಗೆ ಫೋನಿನಲ್ಲಿ ಅದನ್ನೇ ಹುಡುಕಲು ಹೇಳಿದೆ. "ಹಳದಿ ಹತ್ತಿದೆ ಮಾವಾ, ಡಿರ‍್ಯಾಮ್ ಅಂತ ಬರೆದಿದೆ."

"ರ‍್ಯಾಮ್ ಯಾವುದು?"

"ಡಿಡಿಆರ್ 5."

"ಆನ್ ಮಾಡಿ ಎಷ್ಟು ಹೊತ್ತು ಕಾದೆ?"

"ಒಂದು ನಿಮಿಷ ಇರ್ಬಹುದು. ಆಮೇಲೆ ಆಫ್ ಮಾಡ್ದೆ."

ವಿಷಯ ಇಷ್ಟೇ. ಡಿಡಿಆರ್ 5 ಮೆಮೊರಿಯ ವೇಗಕ್ಕೆ ಪ್ರತಿಯೊಂದು ತಂತಿಯ ಸಮಯವನ್ನೂ ಬೋರ್ಡ್ ಅಳೆದು ಹೊಂದಿಸಿಕೊಳ್ಳಬೇಕು. ಮೊದಲ ಸಲ ಅದಕ್ಕೆ ಕೆಲವು ನಿಮಿಷ ಹಿಡಿಯುವುದುಂಟು. ಅಷ್ಟು ಹೊತ್ತೂ ಪರದೆ ಕಪ್ಪು. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಹುಡುಗ ಮೂರು ಸಲವೂ ಅದನ್ನೇ ಮಾಡಿದ್ದ. ಈಗ ಆನ್ ಮಾಡಿ, ಕೈ ಕಟ್ಟಿಕೊಂಡು ಕೂರು ಅಂದೆ. ಇಬ್ಬರೂ ಫೋನ್ ಹಿಡಿದು ಕಾದೆವು. ನಾಲ್ಕು ನಿಮಿಷ ಆಗಿರಬಹುದು, "ಬಂತು ಬಂತು ಬಂತು!" ಅಂತ ಕಿವಿ ಕಿವುಡಾಗುವ ಹಾಗೆ ಕೂಗಿದ. ಹಿಂದಿನಿಂದ ತಂಗಿ "ಏನಾಯ್ತೋ?" ಅಂದದ್ದೂ ಕೇಳಿಸಿತು. ಈಗಲಾದರೂ ಹೇಳಿರುತ್ತಾನೆ ಅಂದುಕೊಂಡಿದ್ದೇನೆ.

ಫೋನ್ ಇಡುವ ಮೊದಲು ಅವನು ಕೇಳಿದ, "ಸ್ವಲ್ಪ ಕಾಯಿ ಅಂತ ಅದೇ ಹೇಳ್ಬಹುದಿತ್ತಲ್ಲ ಮಾವಾ?"

ಹೇಳಬಹುದಿತ್ತು. ಅದಕ್ಕೊಂದು ಸ್ಪೀಕರ್, ನಾಲ್ಕಾರು ಸಾಲಿನ ಪ್ರೋಗ್ರಾಮ್ ಸಾಕಿತ್ತು. 1981ರ ಪಿಸಿಯಲ್ಲಿ ಅಷ್ಟು ಮಾತ್ರ ಮೆಮೊರಿ ಇದ್ದಾಗಲೂ ಯಾರೋ ಕೂತು, ಎದುರಿಗಿರುವವನಿಗೆ ಗಾಬರಿಯಾದೀತು, ಏನಾಗಿದೆ ಅಂತ ತಿಳಿಸೋಣ ಅಂತ ಬೀಪ್ ಇಟ್ಟರು. ಪುಸ್ತಕದಲ್ಲಿ ಅಚ್ಚು ಹಾಕಿಯೂ ಕೊಟ್ಟರು. ಹಾಗೆ ಹೇಳಿಟ್ಟಿದ್ದರಿಂದಲೇ ಕಂಪ್ಯೂಟರ್ ಗೊತ್ತಿಲ್ಲದ ನಾನೂ, ರೇಡಿಯೋ ಮಾತ್ರ ಗೊತ್ತಿದ್ದ ಆ ಹಿರಿಯರೂ ಸೇರಿ ಅಪ್ಪನ 140 ಪುಟ ಉಳಿಸಿದೆವು. ಇಲ್ಲದಿದ್ದರೆ "ಬೋರ್ಡ್ ಹೋಗಿದೆ" ಅನ್ನುವ ಮಾತನ್ನು ನಂಬುವುದಲ್ಲದೆ ನನಗೆ ಬೇರೆ ದಾರಿ ಇರಲಿಲ್ಲ.

ಅಪ್ಪ ಈಗಿಲ್ಲ. ಅವರ ಬರಹವನ್ನು ಯೂನಿಕೋಡಿಗೆ ತಿರುಗಿಸಿ ಮೂರು ಕಡೆ ಇಟ್ಟಿದ್ದೇನೆ. ಆ ಟ್ರಾನ್ಸಿಸ್ಟರ್ ಸ್ಪೀಕರ್ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಮುಂದಿನ ಸಲ ತಂಗಿಯ ಮನೆಗೆ ಹೋದಾಗ ಅಳಿಯನಿಗೆ ಕೊಡಬೇಕು. ಅವನ ಬೋರ್ಡಿನಲ್ಲಿ ಆ ನಾಲ್ಕು ಕಡ್ಡಿ ಇನ್ನೂ ಇವೆಯಂತೆ, ಕೇಳಿ ತಿಳಿದುಕೊಂಡೆ.

ನಿಮ್ಮ ಪೆಟ್ಟಿಗೆಗಳೂ ಹೀಗೆ ಮುನಿಸಿಕೊಂಡಿರಬಹುದು. ಯಾವ ಬೀಪ್, ಏನು ಕಥೆ, ಕೊನೆಗೆ ಯಾರು ಸರಿಮಾಡಿದರು, ಬಿಡುವಾದಾಗ ಬರೆಯಿರಿ. ಅದಕ್ಕೂ ಮೊದಲು ನಿಮ್ಮ ಕಡತಗಳದ್ದು ಇನ್ನೊಂದು ಪ್ರತಿ ಮಾಡಿಡಿ. ನಾನು ಎರಡು ವರ್ಷ ಮುಂದೂಡಿದ ಹಾಗೆ ಮಾಡಬೇಡಿ.